ಸಾಣೆ ಹಿಡಿದ ಹಸಿರು ಕಲ್ಲು

"ಹೇಗಿದೆ, ಕನ್ನಡಿ ಥರಾ ಹೊಳೀತಿಲ್ವಾ?" ಎನ್ನುತ್ತ ಹಿನೇಸ್ ಆ ಕಲ್ಲನ್ನು ಮಗಳ ಮುಂದೆ ಮೇಜಿನ ಮೇಲಿಟ್ಟ.

ಇದೈರಾ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ತೆನೆರೀಫೆ ದ್ವೀಪದ ವಿಶ್ವವಿದ್ಯಾಲಯದಿಂದ ಬೆಳಗಿನ ವಿಮಾನ ಹಿಡಿದು ಲಾನ್ಸರೋತೆ ದ್ವೀಪದ ಈ ತವರುಮನೆಗೆ ಅವಳು ಓಡಿ ಬಂದದ್ದು ಇದೇ ಕಲ್ಲಿಗಾಗಿ. ಜ್ವಾಲಾಮುಖಿ ಉಕ್ಕಿದಾಗ ಭೂಮಿಯ ಆಳದಿಂದ ಲಾವಾದ ಜೊತೆ ಮೇಲೆ ಬಂದ ಕಲ್ಲು. ಹೊರಗೆ ಕರಿ ಸಿಪ್ಪೆ, ಒಳಗೆಲ್ಲ ಹಸಿರು ಹರಳು. ಅದನ್ನು ಒಡೆದು ಒಯ್ದ ಚೂರಿನಲ್ಲಿ ಅವಳಿಗೆ ಬಲು ಅಪರೂಪದ ಖನಿಜದ ಕಣಗಳು ಸಿಕ್ಕಿದ್ದವು. ಅವಳ ಸಂಶೋಧನಾ ಪ್ರಬಂಧದ ಪರೀಕ್ಷಕರು ನಂಬಲಿಲ್ಲ. ಅದೇ ಖನಿಜವನ್ನು ಕಾರ್ಖಾನೆಯಲ್ಲಿ ಮಾಡಿ ಸಾಣೆಚಕ್ರಕ್ಕೆ ಹಾಕುತ್ತಾರೆ, ನಿಮ್ಮ ಕಣ ಪ್ರಯೋಗಾಲಯದ ಚಕ್ರದಿಂದ ಉದುರಿದ್ದು, ಸಾಣೆ ಮುಟ್ಟದ ಚೂರಿದ್ದರೆ ತೋರಿಸಿ ಎಂದಿದ್ದರು. ಇದೆ, ನಮ್ಮ ಮನೆಯಲ್ಲೇ ಇದೆ ಎಂದು ಅವಳು ಜಂಬದಿಂದ ಹೇಳಿ, ಕಲ್ಲು ತೆಗೆದಿಡು ಎಂದು ಅಪ್ಪನಿಗೆ ಫೋನ್ ಮಾಡಿ ಬಂದಿದ್ದಳು.

"ಅಪ್ಪಾ, ಯಾವುದ್ರಲ್ಲಿ ಉಜ್ಜಿದೆ ಇದನ್ನ?"

"ನಮ್ಮ ಗ್ರೈಂಡರಲ್ಲೇ. ಹೊಸ ಚಕ್ರ ತಂದು ಹಾಕಿದೆ. ಕತ್ತೆ ಲದ್ದಿ ಥರಾ ಇತ್ತು. ಅದನ್ನ ದೊಡ್ಡೋರ ಮುಂದೆ ಹೇಗೆ ಇಡ್ತೀಯಾ, ಮರ್ಯಾದೆ ಬೇಡ್ವಾ?"

ಕೇಳದೆ ಉಪಕಾರ ಮಾಡುವುದು ಹಿನೇಸನ ಹುಟ್ಟುಗುಣ. ಅವಳ ಮದುವೆಯ ಬಿಳಿ ಚಪ್ಪಲಿಗೆ ಹಿಂದಿನ ದಿನ ಎಣ್ಣೆ ಸವರಿ ಹಳದಿ ಮಾಡಿದ ಪುಣ್ಯಾತ್ಮನೂ ಇವನೇ. ಇದೈರಾ ತಲೆ ಹಿಡಿದುಕೊಂಡು, ಸಣ್ಣ ಮಕ್ಕಳಿಗೆ ಹೇಳುವಂತೆ ಎಲ್ಲವನ್ನೂ ಬಿಡಿಸಿ ಹೇಳಿದಳು.

"ಸೋಪು ಹಾಕಿ ತೊಳೆದ್ರೆ ಹೋಗಲ್ವಾ?"

"ಹೋಗಲ್ಲ ಅಪ್ಪಾ. ಬಿರುಕಿನೊಳಗೆಲ್ಲ ಚಕ್ರದ ಪುಡಿ ಕೂತಿದೆ. ಇದರ ಜೊತೆ ಇನ್ನೊಂದು ಚೂರು ಇಟ್ಟಿದ್ನಲ್ಲ, ಅದೆಲ್ಲಿ?"

"ಅದು ಸೊಟ್ಟಗಿತ್ತು. ಗೋಡೆ ರಿಪೇರಿಗೆ ಹಾಕ್ಬಿಟ್ಟೆ."

"ಯಾವ ಗೋಡೆಗೆ?"

ಹಿನೇಸ್ ಕಿಟಕಿಯ ಕಡೆ ಗಲ್ಲ ಎತ್ತಿ ತೋರಿಸಿದ. ಹೊರಗೆ ಕರಿ ಬೂದಿಯ ಇಳಿಜಾರು. ದ್ರಾಕ್ಷಿಯ ಒಂದೊಂದು ಬಳ್ಳಿಗೂ ಒಂದೊಂದು ಗುಂಡಿ, ಒಂದೊಂದು ಗುಂಡಿಗೂ ಗಾಳಿಗೆ ಅಡ್ಡವಾಗಿ ಅರ್ಧಚಂದ್ರದ ಕಲ್ಲುಗೋಡೆ.

"ಅದ್ರಲ್ಲಿ ಯಾವುದೋ ಒಂದಕ್ಕೆ. ಈಗ ಬಿಚ್ಚೋಕಾಗಲ್ಲ ಮಗಳೇ. ಬಳ್ಳಿ ಹೂ ಬಿಟ್ಟಿದೆ, ಗೋಡೆ ತೆಗೆದ್ರೆ ಗಾಳಿ ಒಂದು ಹೂವನ್ನೂ ಉಳಿಸಲ್ಲ. ಕೊಯ್ಲು ಮುಗೀಲಿ."

"ಕೊಯ್ಲಿನ ಹೊತ್ತಿಗೆ ನಾನು ಸುಳ್ಳುಗಾತಿ ಅಂತ ಊರೆಲ್ಲ ಸುದ್ದಿ ಆಗಿರುತ್ತೆ. ಇಷ್ಟು ವರ್ಷದ ಕೆಲಸ ಮಣ್ಣುಪಾಲು. ಇರಲಿ ಬಿಡು, ನಿನಗೆ ನಿನ್ನ ದ್ರಾಕ್ಷಿ." ಅವಳಿಗೆ ಅಪ್ಪನ ಮೇಲೆ ಸಿಟ್ಟೂ ಬಂತು, ಸಿಟ್ಟು ಬಂದದ್ದಕ್ಕೆ ತನ್ನ ಮೇಲೆ ಬೇಸರವೂ ಆಯಿತು.

ಹಿನೇಸ್ ಟೋಪಿ ಹಾಕಿಕೊಂಡು ಹೊರಗೆ ಹೋದ. ಮುನಿಸಿಕೊಂಡನೆಂದೇ ಅವಳು ತಿಳಿದಳು. ಸ್ವಲ್ಪ ಹೊತ್ತಿಗೆ ಕಲ್ಲುರುಳುವ ಸದ್ದು ಕೇಳಿ ಓಡಿದಾಗ ಅವನು ಒಂದು ಗೋಡೆಯನ್ನು ಪೂರ್ತಿ ಕೆಡವಿದ್ದ.

"ನಿಲ್ಲಿಸಪ್ಪಾ, ಹೂವೆಲ್ಲ ಹೋಗುತ್ತೆ."

"ಇದರಲ್ಲಿ ಇಲ್ಲ," ಎಂದಷ್ಟೇ ಹೇಳಿ ಅವನು ಪಕ್ಕದ ಗುಂಡಿಗೆ ನಡೆದ.

ಎರಡನೆಯ ಗೋಡೆಯ ಬುಡದಲ್ಲಿ ಕರಿ ಸಿಪ್ಪೆಯ ಚೂರು ಸಿಕ್ಕಿತು. ಅದನ್ನು ಬಿಸಿ ರೊಟ್ಟಿ ಹಿಡಿದಂತೆ ಎರಡೇ ಬೆರಳಲ್ಲಿ ಎತ್ತಿ ಅವಳ ಮುಂದೆ ಚಾಚಿದ.

"ತಗೋ. ಒರೆಸಿಲ್ಲ."

"ಸರಿ," ಎಂದಳು. ಚೂರನ್ನು ಬೊಗಸೆಯಲ್ಲಿ ತೆಗೆದುಕೊಂಡಳು.

"ಇನ್ನು ಹೊರಡು. ಸಂಜೆ ವಿಮಾನ ತಪ್ಪುತ್ತೆ."

ಗಾಳಿ ಬೂದಿಯನ್ನು ಎರಚುತ್ತ ಎರಡೂ ಗುಂಡಿಗಳಿಗೆ ನುಗ್ಗುತ್ತಿತ್ತು. ಹಿನೇಸ್ ಮೊದಲ ಗುಂಡಿಗೆ ಹಿಂದಿರುಗಿ, ಬಗ್ಗಿ, ಬುಡದ ಸಾಲಿನಿಂದ ಮತ್ತೆ ಕಲ್ಲು ಜೋಡಿಸತೊಡಗಿದ. ಇನ್ನೊಂದರಲ್ಲಿ, ಗೋಡೆಯಿದ್ದ ಜಾಗದಲ್ಲಿ, ಇದೈರಾ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು, ಬಳ್ಳಿಗೆ ಅಡ್ಡವಾಗಿ, ಗಾಳಿಗೆ ಬೆನ್ನು ಕೊಟ್ಟು ಕೂತಳು.