ಎಲ್ಲದಕ್ಕೂ ಹೌದು

“ಕೇಳಿದ್ದಕ್ಕೆಲ್ಲ ಹೌದು. ಈ ಚೀನಾದವರ ಮಕ್ಕಳೆಲ್ಲ ಬೃಹಸ್ಪತಿಗಳೇನ್ರೀ ಡಾಕ್ಟ್ರೇ?” ಚಿದಾನಂದ ಪ್ರಶ್ನಾವಳಿಯ ಹಾಳೆಗಳನ್ನು ಮೇಜಿನ ಮೇಲೆ ಹಾಕಿದ.

ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಆ ಕ್ಲಿನಿಕ್ಕಿನಲ್ಲಿ ಅವನು ಮನಶ್ಶಾಸ್ತ್ರಜ್ಞ, ಜೆನೆವಿವ್ ಮಕ್ಕಳ ಡಾಕ್ಟರು. ತೊಂಬತ್ತಾರನೆಯ ಇಸವಿ. ರಸ್ತೆ ಕೆಲಸಕ್ಕೆ ಬಂದಿದ್ದ ಚೀನೀ ಕುಟುಂಬಗಳಿಗಾಗಿ, ಆಟಿಸಂ ಗುರುತಿಸುವ ಇಂಗ್ಲಿಷ್ ಪ್ರಶ್ನೆಗಳನ್ನು ಸಿಂಗಾಪುರದ ಟೀಚರ್ ಹೆಲನ್ ಮ್ಯಾಂಡರಿನ್ ಭಾಷೆಗೆ ತಂದುಕೊಟ್ಟಿದ್ದಳು. ಅನುವಾದದಲ್ಲಿ ತಪ್ಪಿರಲಿಲ್ಲ. ಆದರೆ ಆ ತಾಯಂದಿರಲ್ಲೊಬ್ಬಳಾದ ಶ್ಯೂಲಾನಳ ಮಗ ತಾವ್‌ತಾವ್‌ಗೆ ಮೂರೂವರೆ ತುಂಬಿದ್ದರೂ ಬಾಯಲ್ಲಿ ಒಂದು ಮಾತಿಲ್ಲ, ತಾಯಿ ನೋಡಿದರೆ ಎಲ್ಲವೂ ಸರಿ ಎನ್ನುತ್ತಾಳೆ. ಸ್ಪ್ರಿಂಗ್ ವ್ಯಾಲಿಯ ವಿಶೇಷ ಶಾಲೆಯಲ್ಲಿ ಉಳಿದದ್ದು ಒಂದೇ ಸೀಟು. ಶುಕ್ರವಾರದೊಳಗೆ ವರದಿ ಹೋಗದಿದ್ದರೆ ಅದೂ ಬೇರೆಯವರ ಪಾಲು.

“ಅದು ಹಾಗಲ್ಲ ಮಾರಾಯ್ರೆ,” ಎಂದಳು ಜೆನೆವಿವ್. “ನಮ್ಮ ಮಂಗಳೂರಲ್ಲಿ ಪಾದ್ರಿಗಳು ಮನೆಗೆ ಬಂದು ಎಲ್ಲ ಚೆಂದ ಉಂಟಾ ಅಂತ ಕೇಳಿದ್ರೆ ಯಾರಾದ್ರೂ ಇಲ್ಲ ಅಂತಾರಾ? ಗಂಡ ಹೆಂಡತಿ ಆಗಷ್ಟೇ ಪಾತ್ರೆ ಎಸೆದಾಡಿದ್ರೂ ಉಂಟು ಅಂತಲೇ ಹೇಳುದು. ದೊಡ್ಡವರಿಗೆ ಇಲ್ಲ ಅನ್ಲಿಕ್ಕೆ ನಾಲಗೆ ಬರುದಿಲ್ಲ. ಹೌದಾ ಅಲ್ವಾ ಕೇಳುದೇ ಬೇಡ. ನಿನ್ನೆ ಏನಾಯ್ತು ಅಂತ ಕೇಳುವ.”

“ಟೆಸ್ಟನ್ನ ಕತೆ ಮಾಡ್ಬಿಟ್ರೆ ಅದು ವ್ಯಾಲಿಡ್ ಆಗೋದು ಹ್ಯಾಗ್ರೀ?”

“ಈ ಹೌದುಗಳಿಗಿಂತ ಹೆಚ್ಚು ಆಗ್ತದೆ, ನೋಡ್ತಾ ಇರಿ.”

ಹಿಡಿದದ್ದನ್ನು ಬಿಡುವ ಹೆಂಗಸಲ್ಲ ಅವಳು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳೇ ಅವಳೆದುರು ಸೋತು ಕೈಚೆಲ್ಲಿದ್ದರು.

ಮರುದಿನ ಹೆಲನ್‌ಳನ್ನು ಕರೆದುಕೊಂಡು ಮಟಾಟು ವ್ಯಾನು ಹತ್ತಿ ನ್ಗಾರಾದಲ್ಲಿದ್ದ ಶ್ಯೂಲಾನಳ ಫ್ಲಾಟಿಗೆ ಹೋದಳು. ಶ್ಯೂಲಾನ್ ಮುಚ್ಚಳದ ಲೋಟಗಳಲ್ಲಿ ಚಹಾ ತಂದಿಟ್ಟಳು. ತಾವ್‌ತಾವ್ ನೆಲದ ಮೇಲೆ ಸೋಡಾ ಬಾಟಲಿಯ ಮುಚ್ಚಳ ತಿರುಗಿಸುತ್ತ ಕುಳಿತಿದ್ದ.

“ನಿನ್ನೆ ಇವನಿಗೆ ನೀರು ಬೇಕಾದಾಗ ಏನು ಮಾಡಿದ, ಹೇಳಿ,” ಎಂದು ಜೆನೆವಿವ್ ಹೆಲನ್ ಮೂಲಕ ಕೇಳಿದಳು.

ಶ್ಯೂಲಾನಳ ಮುಖ ಅರಳಿತು. “ನನ್ನ ಕೈ ಹಿಡಿದು ನೀರಿನ ಜಗ್ಗಿನ ಹತ್ತಿರ ಕರೆದೊಯ್ದ. ಯಾವಾಗಲೂ ಹಾಗೆಯೇ. ನನ್ನ ಕೈ ಎಂದರೆ ಅವನಿಗೆ ಪ್ರಾಣ.”

‘ಬೇಕಾದದ್ದನ್ನು ಮಗು ತೋರಿಸುತ್ತದೆಯೇ’ ಎಂಬ ಪ್ರಶ್ನೆಗೆ ಅವಳು ಹೌದೆಂದದ್ದು ಸುಳ್ಳಲ್ಲ. ಆದರೆ ಆ ಪ್ರಶ್ನೆ ಕೇಳುತ್ತಿದ್ದದ್ದು ಬೆರಳು ಚಾಚಿ, ಮುಖ ನೋಡಿ ತೋರಿಸುವುದನ್ನು.

ಅಷ್ಟರಲ್ಲಿ ತಾವ್‌ತಾವ್ ಎದ್ದ. ತಾಯಿಯನ್ನು ದಾಟಿ ಬಂದು, ಬಾಗಿಲ ಬಳಿ ಕುಳಿತಿದ್ದ ಜೆನೆವಿವ್‌ಳ ಮಣಿಕಟ್ಟು ಹಿಡಿದ. ಮುಖ ನೋಡಲಿಲ್ಲ. ಎಳೆದುಕೊಂಡು ಹೋಗಿ ಅವಳ ಕೈಯನ್ನು ಜಗ್ಗಿನ ಹಿಡಿಯ ಮೇಲಿಟ್ಟ.

ಶ್ಯೂಲಾನ್ ನೋಡಿದಳು. ಮೆಲ್ಲಗೆ ಏನೋ ಹೇಳಿದಳು.

“ಇಲ್ಲ, ಅವನು ತೋರಿಸುವುದಿಲ್ಲ ಅಂತಿದ್ದಾಳೆ,” ಎಂದಳು ಹೆಲನ್.

“ಗೊತ್ತಾಯಿತಲ್ಲ, ಇನ್ನು ಕಲಿಸೋಣ. ವರದಿ ಇವತ್ತೇ ಹೋಗುತ್ತದೆ,” ಎನ್ನುತ್ತ ಜೆನೆವಿವ್, ಅವನು ಮತ್ತೆ ಕೇಳಲೆಂದು, ಬೇಕೆಂದೇ ಅರ್ಧ ಲೋಟ ನೀರು ಮಾತ್ರ ಸುರಿದಳು.

ಮಗು ಗಟಗಟ ಕುಡಿದು ಮತ್ತೆ ಜೆನೆವಿವ್‌ಳ ಕೈ ಹುಡುಕಿತು. ಈ ಸಲ ಶ್ಯೂಲಾನ್ ನಡುವೆ ಬಂದು ಮಂಡಿಯೂರಿದಳು. ಒಂದು ಬೆರಳನ್ನು ಜಗ್ಗಿನತ್ತ ಚಾಚಿ, ಅವನ ಕಣ್ಣುಗಳನ್ನೇ ನೋಡುತ್ತ ಹಾಗೇ ಹಿಡಿದಿದ್ದಳು.