ಬಳಗದ ಮಾತು ಬೀದಿಗೆ ಬಂದಾಗ

ಬೆಳಗಾದರೂ ಏಳದ ಮಕ್ಕಳು ಯಾರ ಮನೆಯಲ್ಲಿಲ್ಲ ಹೇಳಿ. ಕೂಗುತ್ತೇವೆ, ಬೈಯುತ್ತೇವೆ, ಫ್ಯಾನ್ ಆರಿಸುತ್ತೇವೆ. ಗೊಣಗಿಕೊಂಡಾದರೂ ಎದ್ದೇ ಏಳುತ್ತಾರೆ. ಕತ್ತರಿಯಣ್ಣನ ಮಗಳು ಮಾತ್ರ ಏಳುತ್ತಿರಲಿಲ್ಲ.

ಕತ್ತರಿಯಣ್ಣ ಎಂದರೆ ಮೂಲೆಯ ಸೆಲೂನಿನವನು. ಎರಡು ಕುರ್ಚಿ, ಒಂದು ಉದ್ದನೆಯ ಬೆಂಚು, ಗೋಡೆಯುದ್ದಕ್ಕೂ ಕನ್ನಡಿ. ಕೈಗಿಂತ ಅವನ ಬಾಯಿಯೇ ಚುರುಕು ಎಂದು ಗಿರಾಕಿಗಳು ಹೇಳುತ್ತಿದ್ದರು. ಬ್ಯಾಂಕಿನ ಮ್ಯಾನೇಜರ್ ಸೀನುವುದು, ಬಸ್ಸಿನ ಕಂಡಕ್ಟರ್ ಚಿಲ್ಲರೆ ಇಲ್ಲ ಎಂದು ಗದರುವುದು, ಯಾರನ್ನು ಬೇಕಾದರೂ ಅವನು ಅಣಕಿಸಿ ತೋರಿಸಬಲ್ಲ. ಕೂದಲು ಬೆಳೆಯದಿದ್ದರೂ ನಗುವುದಕ್ಕೆಂದೇ ಬಂದು ಬೆಂಚಿನ ಮೇಲೆ ಕೂರುವವರಿದ್ದರು.

ಮಗಳು ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕಿದ್ದವಳು. ಚುರುಕಿನ ಹುಡುಗಿ. ಅದೇನಾಯಿತೋ, ಮೊದಲು ಊಟ ಬಿಟ್ಟಳು, ಆಮೇಲೆ ಮಾತು ಬಿಟ್ಟಳು, ಕೊನೆಗೆ ಕೆಲಸವನ್ನೂ ಬಿಟ್ಟಳು. ಹೊದಿಕೆ ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿದರೆ ಮಧ್ಯಾಹ್ನ ದಾಟುತ್ತಿತ್ತು. ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಾ ಆಗಾಗ ಒಳಗೆ ಇಣುಕಿ ನೋಡುವಳು, ನಿಟ್ಟುಸಿರು ಬಿಟ್ಟು ಮತ್ತೆ ತುಳಿಯುವಳು.

"ಸೋಮಾರಿತನಕ್ಕೆ ಮದ್ದಿಲ್ಲ ಬಿಡೇ," ಎನ್ನುತ್ತಿದ್ದ ಕತ್ತರಿಯಣ್ಣ. ದಿನವಿಡೀ ನಿಂತು ಕಾಲು ಊದಿಸಿಕೊಂಡು ಬಂದವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಅದೂ ನಿಜವೇ.

ಒಂದು ಸಂಜೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದ ಮೇಲೆ ಮಗಳು ತಾನಾಗಿಯೇ ಬಂದಳು. "ತುದಿ ಸ್ವಲ್ಪ ಕತ್ತರಿಸಪ್ಪಾ," ಎಂದು ಕುರ್ಚಿಯಲ್ಲಿ ಕೂತಳು. ಬಾಚಣಿಗೆ ಇಳಿಯದಷ್ಟು ಸಿಕ್ಕು. ಅವನು ಸಿಕ್ಕು ಬಿಡಿಸುತ್ತಿರುವಾಗ ಅವಳ ಕೈಯಲ್ಲಿದ್ದ ಫೋನು ಗುಂಯ್ ಎಂದಿತು. ಅವಳು ನೋಡಿ ನಕ್ಕಳು.

"ಯಾರೇ ಅದು? ನಮ್ಮನ್ನ ಕಂಡ್ರೆ ಮುಖ ಗಂಟು, ಫೋನ್ ಕಂಡ್ರೆ ನಗು!"

"ನನ್ನ ಬಳಗ ಅಪ್ಪಾ. ನನ್ನ ಥರಾನೇ ಮನಸ್ಸು ಕುಗ್ಗಿದವರು. ಒಬ್ಬರ ಮುಖ ಒಬ್ಬರು ನೋಡಿಲ್ಲ, ಫೋನಲ್ಲೇ ಪರಿಚಯ. ನಮಗೆ ನಮ್ಮದೇ ಮಾತುಗಳಿವೆ."

"ಹೌದಾ? ನಮಗೂ ಒಂದಿಷ್ಟು ಹೇಳು, ಕಲಿಯೋಣ."

ಎಷ್ಟೋ ದಿನದ ಮೇಲೆ ಅಪ್ಪ ಕೇಳಿದ ಎಂಬ ಸಂತೋಷಕ್ಕೆ ಅವಳು ಹೇಳಿದಳು. "ಹಾಸಿಗೆ ಬಿಟ್ಟು ಏಳೋಕೇ ಆಗದ ದಿನ 'ಇವತ್ತು ಹೊದಿಕೆ ದಿನ' ಅಂತೀವಿ. ಒಳಗೆ ಏನೂ ಇಲ್ಲದಿದ್ರೂ ಹೊರಗೆ ನಗ್ತಾ ಓಡಾಡೋದು 'ನಗೋ ಡ್ಯೂಟಿ'. ಸ್ನಾನ ಮಾಡೋಕೆ ಆಯ್ತು ಅಂದ್ರೆ 'ಬಕೆಟ್ ಗೆದ್ದೆ'. ಆಗ ಎಲ್ಲರೂ ಚಪ್ಪಾಳೆ ಕಳಿಸ್ತಾರೆ."

"ಸ್ನಾನ ಮಾಡಿದ್ದಕ್ಕೆ ಚಪ್ಪಾಳೆ!"

"ಹೂಂ ಅಪ್ಪಾ. ಇನ್ನೊಂದಿದೆ. 'ಕೆಂಪು ಕೊಡೆ'." ಅವಳು ಕನ್ನಡಿಯಲ್ಲೇ ಅವನ ಮುಖ ನೋಡಿದಳು. "ಒಬ್ಬಳೇ ಇರೋಕೆ ಭಯ ಆದಾಗ ಹೇಳೋದು. ಯಾರು ನೋಡಿದ್ರೂ ತಕ್ಷಣ ಫೋನ್ ಮಾಡ್ಬೇಕು."

ಕೊನೆಯದರ ಅರ್ಥವನ್ನು ಅವನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಅವನ ಮನಸ್ಸು ಚಪ್ಪಾಳೆಯ ಹತ್ತಿರವೇ ನಿಂತಿತ್ತು.

ಮರುದಿನ ಸೆಲೂನಿನಲ್ಲಿ ಹೊಸ ಆಟ ಶುರುವಾಯಿತು. ಗಿರಾಕಿಯ ಕತ್ತಿಗೆ ಕಟ್ಟುವ ಬಟ್ಟೆಯನ್ನು ಕತ್ತರಿಯಣ್ಣ ತನ್ನ ತಲೆಯ ಮೇಲೆ ಎಳೆದುಕೊಂಡು, ದನಿ ಸಣ್ಣ ಮಾಡಿ, "ಅಪ್ಪಾ, ಇವತ್ತು ನಂದು ಹೊದಿಕೆ ದಿನ," ಎಂದ. ಬೆಂಚು ಘೊಳ್ಳೆಂದಿತು. "ಬಕೆಟ್ ಗೆದ್ದೆ!" ಎಂದು ಎರಡೂ ಕೈ ಮೇಲೆತ್ತಿದ. "ಕೆಂಪು ಕೊಡೆ!" ಎಂದು ಆ ಬಟ್ಟೆಯನ್ನೇ ಕೊಡೆಯಂತೆ ಹಿಡಿದ. ಪಕ್ಕದ ಬಡಗಿ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡ.

"ಇನ್ನೊಂದ್ಸಲ ಮಾಡಣ್ಣಾ, ಇವನು ಈಗ ಬಂದ, ಇವನಿಗೂ ತೋರ್ಸು!"

ಅವನು ಇನ್ನೊಂದು ಸಲ ಮಾಡಿದ. ಮತ್ತೂ ಒಂದು ಸಲ ಮಾಡಿದ.

ವಾರ ಕಳೆಯುವಷ್ಟರಲ್ಲಿ ಆ ಮಾತುಗಳು ಬೀದಿಯ ಸೊತ್ತಾದವು. ಕೆಲಸಕ್ಕೆ ತಡವಾಗಿ ಬಂದವನು "ಹೊದಿಕೆ ದಿನ ಕಣ್ರೋ" ಎನ್ನುತ್ತಿದ್ದ. ಸಾಲ ಕೇಳಲು ಬಂದವನನ್ನು ಕಂಡ ದಿನಸಿ ಅಂಗಡಿಯವನು "ಕೆಂಪು ಕೊಡೆ, ಕೆಂಪು ಕೊಡೆ!" ಎಂದು ಕೂಗುತ್ತಿದ್ದ. ಇಷ್ಟೆಲ್ಲಾ ಯಾರ ಮಾತೆಂದು ಎಲ್ಲರಿಗೂ ಗೊತ್ತಿತ್ತು. ಅವು ಹೀಗೆ ಬೀದಿಗೆ ಬಿದ್ದದ್ದು ಗೊತ್ತಿಲ್ಲದವಳು ಮಗಳೊಬ್ಬಳೇ.

ಒಂದು ದಿನ ಅವಳು ಬಹಳ ಕಷ್ಟಪಟ್ಟು ಎದ್ದು, ತಲೆಗೆ ನೀರು ಹಾಕಿಕೊಂಡು, ಅಮ್ಮನಿಗೆ ಸೋಪು ತರಲು ಹೊರಟಳು. ತಿರುವಿನಲ್ಲಿ ನಿಂತಿದ್ದ ಮೂವರು ಅವಳ ಒದ್ದೆ ಕೂದಲು ನೋಡಿ ಚಪ್ಪಾಳೆ ತಟ್ಟಿದರು. "ಬಕೆಟ್ ಗೆದ್ದೆಯೇನಮ್ಮಾ?"

ಅವಳು ಅಲ್ಲೇ ನಿಂತಳು. ಅತ್ತ ಕಡೆ ಸೆಲೂನಿನ ಬಾಗಿಲು ತೆರೆದಿತ್ತು. ಒಳಗೆ ಅಪ್ಪ ತಲೆಯ ಮೇಲೆ ಬಟ್ಟೆ ಹಾಕಿಕೊಂಡು ನಿಂತಿದ್ದ.

ಸೋಪು ತರದೆ ಅವಳು ವಾಪಸು ಬಂದಳು. ಅಳಲಿಲ್ಲ, ಜಗಳವಾಡಲಿಲ್ಲ. ಫೋನು ತೆಗೆದು ಬಳಗದಿಂದ ಹೊರಗೆ ಬಂದಳು. "ಯಾಕೇ?" ಎಂದ ಅಮ್ಮನಿಗೆ ಇಷ್ಟೇ ಹೇಳಿದಳು, "ಆ ಮಾತು ಈಗ ನನ್ನ ಬಾಯಲ್ಲಿ ಬರಲ್ಲಮ್ಮ. ಅವರ ನಗು ಕೇಳಿಸುತ್ತೆ."

ಹೆಂಡತಿ ಇದನ್ನು ಹೇಳಿದಾಗ ಕತ್ತರಿಯಣ್ಣನಿಗೆ ಎದೆಯಲ್ಲಿ ಚುರ್ ಎಂದಿತು. ಆದರೂ ಬಾಯಿ ಸೋಲಲಿಲ್ಲ. "ತಮಾಷೆ ಕಣೇ ಅದು. ತಮಾಷೆಗೂ ಮುನಿಸಿಕೊಂಡ್ರೆ ಏನು ಮಾಡೋಣ?" ಎಂದು ಬಟ್ಟಲು ತೊಳೆಯಲು ಹೋದ.

ಆರೋಗ್ಯ ಕೇಂದ್ರದ ನರ್ಸಕ್ಕ ತನ್ನ ಮುದಿ ಮಾವನನ್ನು ಕೂದಲು ಕತ್ತರಿಸಲು ಕರೆತಂದದ್ದು ಅದಾದ ಎರಡನೆಯ ಬೆಳಗ್ಗೆ. ಮುದುಕನಿಗೆ ಬಟ್ಟೆ ಕಟ್ಟುತ್ತಿದ್ದಂತೆ ಬೆಂಚಿನಲ್ಲಿದ್ದ ಬಡಗಿ ಬೇಕೆಂದೇ ನಡುಗಿ ತೋರಿಸಿದ. "ಅಜ್ಜನಿಗೆ ಕತ್ತರಿ ಕಂಡ್ರೆ ಭಯ. ಕೆಂಪು ಕೊಡೆ ಹಿಡೀರಪ್ಪಾ!"

ಎಲ್ಲರೂ ನಕ್ಕರು. ನರ್ಸಕ್ಕ ನಗಲಿಲ್ಲ. "ಈ ಮಾತು ಎಲ್ಲಿಂದ ಬಂತು?"

"ನಮ್ಮ ಕತ್ತರಿಯಣ್ಣನ ಮಗಳದ್ದು ಸಿಸ್ಟರ್," ಎಂದ ಬಡಗಿ. "ಹುಡುಗಿ ಮಲಗೋದಕ್ಕೂ ಒಂದು ಶಾಸ್ತ್ರ ಮಾಡ್ಕೊಂಡಿದಾಳೆ."

"ಅಣ್ಣಾ, ಕೆಂಪು ಕೊಡೆ ಅಂದ್ರೆ ಏನು ಅಂತ ಹೇಳಿದ್ಲು ನಿಮ್ಮ ಮಗಳು?"

ಕತ್ತರಿಯಣ್ಣ ಬಾಯಿ ತೆರೆದ. ಆಗ, ಮೊಟ್ಟಮೊದಲ ಸಲ, ಅವಳು ಹೇಳಿದ್ದು ಅವನ ಕಿವಿಗೆ ಬಿತ್ತು. "ಒಬ್ಬಳೇ... ಒಬ್ಬಳೇ ಇರೋಕೆ ಭಯ ಆದಾಗ ಹೇಳೋದಂತೆ."

"ಯಾರ ಭಯ? ಮನೇಲಿ ಕಳ್ಳ ಇದಾನಾ?"

ಅವನಿಗೆ ಕೈಯಲ್ಲಿದ್ದ ಕತ್ತರಿಯನ್ನು ಎಲ್ಲಿಡಬೇಕೆಂದು ತೋಚಲಿಲ್ಲ.

ನರ್ಸಕ್ಕ ಅವನನ್ನು ಹೊರಗೆ ಕರೆದು ದನಿ ತಗ್ಗಿಸಿದಳು. "ತನ್ನಿಂದ ತನಗೇ ಭಯ ಅಣ್ಣಾ. ಇಂಥವರನ್ನ ಆಸ್ಪತ್ರೇಲಿ ನೋಡಿದೀನಿ. ಪ್ರಾಣ ಕಳ್ಕೊಂಡು ಬಿಡ್ತೀನೇನೋ ಅನ್ನೋ ಭಯ."

"ಹಂಗಿದ್ರೆ ನೇರವಾಗಿ ಹೇಳ್ಬೇಕಪ್ಪಾ! ಕೊಡೆ, ಬಕೆಟ್ಟು ಅಂತ ಸುತ್ತಿ ಬಳಸಿ ಹೇಳಿದ್ರೆ ನನಗೇನು ಗೊತ್ತಾಗುತ್ತೆ?"

"ಕುದಿಯೋ ಪಾತ್ರೆನ ಬರಿಗೈಲಿ ಇಳಿಸ್ತೀರಾ? ಬಟ್ಟೆ ಹಿಡ್ಕೋತೀರಿ ತಾನೇ? ಅವರಿಗೆ ಆ ಮಾತುಗಳು ಹಂಗೆ. ಅದು ಇದ್ದಿದ್ರಿಂದ ಅಷ್ಟಾದ್ರೂ ಹೊರಗೆ ಬರ್ತಿತ್ತು. ಆ ಬಟ್ಟೆನೇ ನಾವು ಕಿತ್ಕೊಂಡು ಕುಣಿದ್ರೆ?"

"ಊಟಕ್ಕೆ ಬಟ್ಟೆಗೆ ಏನು ಕಡಿಮೆ ಮಾಡಿದೀನಿ ಸಿಸ್ಟರ್ ನಾನು?"

"ಹೋದ ವರ್ಷ ನಿಮ್ಮ ಬೆರಳು ಜೋಮು ಹಿಡಿದು ಕತ್ತರಿ ಹಿಡಿಯೋಕೆ ಆಗ್ಲಿಲ್ಲ. ಊಟ ಕಡಿಮೆ ಆಗಿತ್ತಾ? ಯಾರಾದ್ರೂ ನಿಮ್ಮನ್ನ ಸೋಮಾರಿ ಅಂದ್ರಾ? ಇದೂ ಕಾಯಿಲೆ. ಖಿನ್ನತೆ ಅಂತಾರೆ. ಏಳೋಕೆ ಬೇಕಾದ ಶಕ್ತಿನೇ ಇರಲ್ಲ. ಚಿಕಿತ್ಸೆ ಇದೆ, ಗುಣ ಆಗುತ್ತೆ. ಸರಿ, ಈಗ ಏನಂತಾಳೆ ಮಗಳು?"

"ಈಗ... ಏನೂ ಅನ್ನಲ್ಲ. ಬಳಗನೂ ಬಿಟ್ಟಿದಾಳೆ."

"ನನಗೆ ಹೆದರಿಕೆ ಅದೇ," ಎಂದಳು ನರ್ಸಕ್ಕ. "ಅಂಗಡಿ ಬಾಗಿಲು ಹಾಕಿ, ಈಗಲೇ ಹೋಗಿ. ಸಾಯಬೇಕು ಅನ್ನಿಸ್ತಿದೆಯಾ ಅಂತ ಬಾಯಿಬಿಟ್ಟು ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ಹುಟ್ಟಲ್ಲ, ಭಯ ಪಡಬೇಡಿ. ಹೌದು ಅಂದ್ರೆ ಒಂದು ಗಳಿಗೆನೂ ಒಬ್ಬಳನ್ನೇ ಬಿಡಬೇಡಿ, ಇವತ್ತೇ ಕರ್ಕೊಂಡು ಬನ್ನಿ. ಬರಲ್ಲ ಅಂದ್ರೆ ನನಗೆ ಫೋನ್ ಮಾಡಿ, ಡಾಕ್ಟರನ್ನ ನಾನೇ ಕರ್ಕೊಂಡು ಬರ್ತೀನಿ."

ಮುದುಕನ ಕೂದಲು ಅರ್ಧಕ್ಕೇ ನಿಂತಿತು.

ಮಗಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಅವನು ಹಾಸಿಗೆಯ ಅಂಚಿಗೆ ಕೂತ. ಎಲ್ಲಿಂದ ಶುರುಮಾಡಬೇಕೋ ತಿಳಿಯದೆ, ಆದಷ್ಟು ಮೃದುವಾಗಿ, "ಮಗಾ, ಇವತ್ತು ಹೊದಿಕೆ ದಿನಾನಾ?" ಎಂದ.

ಹೊದಿಕೆಯ ಒಳಗೆ ಅವಳ ಮೈ ಬೆಚ್ಚಿತು. "ಆ ಮಾತು ನಿನ್ನ ಬಾಯಲ್ಲಿ ಬೇಡಪ್ಪಾ. ದಯವಿಟ್ಟು."

ನೂರು ಜನರೆದುರು ಬೈಸಿಕೊಂಡಿದ್ದರೂ ಅವನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಇಡೀ ಬೀದಿಯನ್ನು ನಗಿಸಿದ ಬಾಯಿಗೆ ಮಗಳ ಜೊತೆ ಆಡಲು ಒಂದು ಮಾತೂ ಉಳಿದಿರಲಿಲ್ಲ. ಹೆಂಡತಿ ಹೊಲಿಗೆ ನಿಲ್ಲಿಸಿ ಬಾಗಿಲಲ್ಲಿ ಬಂದು ನಿಂತಳು.

"ತಪ್ಪು ಮಾಡಿದೆ," ಎಂದ ಅವನು. "ನಂಬಿ ಹೇಳಿದ್ದನ್ನ ನಾಲ್ಕು ಜನರ ಮುಂದೆ ಆಡ್ಕೊಂಡು ನಕ್ಕೆ. ನೀನು ಕ್ಷಮಿಸ್ಬೇಕು ಅಂತ ಕೇಳಕ್ಕೂ ಮುಖ ಇಲ್ಲ. ಒಂದೇ ಒಂದು ಕೇಳ್ತೀನಿ, ನಿಜ ಹೇಳು. ಸಾಯಬೇಕು ಅನ್ನಿಸ್ತಿದೆಯಾ?"

ಅವಳು ಹೊದಿಕೆಯನ್ನು ಮುಖದ ತನಕ ಎಳೆದುಕೊಂಡಳು. ಅವನು ಎದ್ದು ಹೋಗಲಿಲ್ಲ.

"ಅನ್ನಿಸ್ತಿದೆ," ಎಂದಳು ಗೋಡೆಗೆ ಹೇಳಿದಂತೆ. "ನಿಮಗೂ ಹೊರೆ ಕಡಿಮೆ ಆಗುತ್ತೆ ಅನ್ಸುತ್ತೆ."

ಅಮ್ಮ ಓಡಿ ಬಂದು ಅವಳ ಬೆನ್ನು ತಬ್ಬಿಕೊಂಡಳು. ಕತ್ತರಿಯಣ್ಣ ಹೇಳಿದ, "ಹೇಳಿದ್ದು ಒಳ್ಳೇದಾಯ್ತು. ಹೊರೆ ಅಲ್ಲ ನೀನು. ಬಾ, ಆಸ್ಪತ್ರೆಗೆ ಹೋಗೋಣ."

"ಹೇಗೆ ಬರ್ಲಿ? ನಿನ್ನ ಅಂಗಡಿ ಮುಂದೇನೇ ಹೋಗ್ಬೇಕಲ್ಲಪ್ಪಾ."

ನರ್ಸಕ್ಕನಿಗೆ ಫೋನ್ ಮಾಡಿದ್ದರೆ ಡಾಕ್ಟರು ಮನೆಗೇ ಬರುತ್ತಿದ್ದರು. ಅದು ಅವನಿಗೆ ನೆನಪಿತ್ತು. ಆದರೆ ತಾನು ಕೊಳೆ ಮಾಡಿದ ಬೀದಿಯಲ್ಲಿ ಮಗಳು ಇನ್ನು ಯಾವತ್ತಾದರೂ ನಡೆಯಬೇಕಲ್ಲ? "ಇವಳ ಪಕ್ಕದಿಂದ ಏಳಬೇಡ," ಎಂದು ಹೆಂಡತಿಗೆ ಹೇಳಿ ಅವನು ಹೊರಗೆ ಬಂದ.

ಅಂಗಡಿಯ ಮೆಟ್ಟಿಲ ಮೇಲೆ ಬಡಗಿ, ದಿನಸಿಯವನು, ಇನ್ನಿಬ್ಬರು ಕೂತಿದ್ದರು. "ಏನಣ್ಣಾ, ಬೆಳಗ್ಗೇನೇ ಬಾಗಿಲು ಹಾಕಿದೆ? ನಿಂಗೂ ಹೊದಿಕೆ ದಿನಾನಾ?" ಎಂದ ಬಡಗಿ.

"ಇಲ್ಲಿಗೆ ಸಾಕು," ಎಂದ ಕತ್ತರಿಯಣ್ಣ.

"ಯಾಕೋ ಅಣ್ಣ ಇವತ್ತು ಗರಂ!"

"ನಾನು ತಮಾಷೆ ಮಾಡ್ತಿಲ್ಲ. ನಮ್ಮ ಹುಡುಗಿಗೆ ಹುಷಾರಿಲ್ಲ. ನಾನು ನಿಮ್ಮನ್ನ ನಗಿಸಿದ್ದು ಅವಳ ಸಂಕಟ ತೋರಿಸಿ. ನಿಮ್ಮ ತಪ್ಪಲ್ಲ, ಕಲಿಸಿದವನು ನಾನು. ಈಗ ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಈ ದಾರೀಲೇ. ಯಾರೂ ಚಪ್ಪಾಳೆ ತಟ್ಟಬೇಡಿ. ಪಾಪ ಅಂತಾನೂ ಅನ್ನಬೇಡಿ. ಸುಮ್ನೆ ಇದ್ದುಬಿಡಿ. ಕೈ ಮುಗೀತೀನಿ."

ಅವನು ನಿಜವಾಗಿಯೂ ಕೈ ಮುಗಿದ. ಇದೂ ಒಂದು ಆಟವೇನೋ ಎಂದು ಒಬ್ಬ ನಗಲು ಹೋದ. ಬಡಗಿ ಅವನ ತೋಳು ಹಿಡಿದು ತಡೆದ. "ನಮ್ಮನೇಲೂ ನನ್ನ ತಮ್ಮ ಹಿಂಗೇ ಮಲಗಿರ್ತಾನೆ ಅಣ್ಣಾ," ಎಂದು ಮೆಲ್ಲನೆ ಹೇಳಿ ಬೇರೆ ಕಡೆ ನೋಡಿದ.

ಅಪ್ಪ ಒಂದು ಕಡೆ, ಅಮ್ಮ ಇನ್ನೊಂದು ಕಡೆ. ಬಾಚದ ತಲೆಯಲ್ಲೇ ಅವಳು ಆ ಬೀದಿ ದಾಟಿದಳು. ಮೆಟ್ಟಿಲ ಮೇಲಿದ್ದವರು ತಮ್ಮ ತಮ್ಮ ಚಪ್ಪಲಿ ನೋಡುತ್ತಾ ಕೂತಿದ್ದರು.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ಡಾಕ್ಟರು ಮಾತನಾಡಿಸಿದರು, ಮಾತ್ರೆ ಬರೆದುಕೊಟ್ಟರು, ಮತ್ತೆ ಮತ್ತೆ ಬರಲು ಹೇಳಿದರು. "ಬಳಗಕ್ಕೆ ವಾಪಸ್ ಹೋಗಬಹುದಾ?" ಎಂದು ಅವಳು ಕೇಳಿದಾಗ, "ಖಂಡಿತ ಹೋಗಮ್ಮ. ಅವರು ಜೊತೆಗಿರ್ತಾರೆ, ಅದು ದೊಡ್ಡದು. ಆದ್ರೆ ಅವರು ಡಾಕ್ಟರಲ್ಲ. ಎರಡೂ ಇರಲಿ," ಎಂದರು. ಕೆಲವು ದಿನ ಈಗಲೂ ಅವಳಿಗೆ ಏಳಲಾಗುವುದಿಲ್ಲ. ಆಗ ಅಪ್ಪ ಫ್ಯಾನ್ ಆರಿಸುವುದಿಲ್ಲ. ಒಂದು ಲೋಟ ನೀರು ಪಕ್ಕದಲ್ಲಿಟ್ಟು ಸ್ವಲ್ಪ ಹೊತ್ತು ಕೂತು ಬರುತ್ತಾನೆ. ತಿರುವಿನಲ್ಲಿ ಯಾವನೋ ಮರೆತು ಹಳೆಯ ತಮಾಷೆ ಮಾಡಿದರೆ ಅಪ್ಪನ ತಲೆ ಈಗಲೂ ತಗ್ಗುತ್ತದೆ.

ಬಳಗದಲ್ಲಿ ಅವಳು ಹೊಸದೊಂದು ಮಾತು ಹುಟ್ಟಿಸಿದ್ದಾಳಂತೆ. ಅದಕ್ಕೆ ಎಲ್ಲರೂ ಬಹಳ ನಕ್ಕರಂತೆ. ಅದೇನೆಂದು ಅಪ್ಪನಿಗೆ ಅವಳು ಹೇಳಿಲ್ಲ. ಅವನೂ ಕೇಳಿಲ್ಲ. ಹೇಳಬೇಕೆನಿಸಿದ ದಿನ ಹೇಳಲಿ ಎಂದು ಕಾಯುತ್ತಿದ್ದಾನೆ.

ಓದುತ್ತಿರುವ ಅಪ್ಪ ಅಮ್ಮಂದಿರೇ, ಅಣ್ಣ ಅಕ್ಕಂದಿರೇ, ನಮಗೆಲ್ಲ ದಣಿವಿದೆ, ಸಿಟ್ಟು ಬರುತ್ತದೆ, ನಗುವೂ ಬರುತ್ತದೆ. ಆದರೂ ನಿಮ್ಮ ಮನೆಯ ಮಗು ಯಾವುದೋ ವಿಚಿತ್ರ ಮಾತಿನಲ್ಲಿ ತನ್ನ ನೋವು ಹೇಳಿದರೆ ನಗಬೇಡಿ, ಇನ್ನೊಬ್ಬರಿಗೆ ಹೇಳಿ ನಗಿಸಬೇಡಿ. "ಹಾಗಂದ್ರೆ ನಿನಗೆ ಹೇಗಾಗುತ್ತೆ?" ಎಂದು ಕೇಳಿ, ಉತ್ತರ ಬರುವ ತನಕ ಕೂತಿರಿ. ಊಟ, ನಿದ್ದೆ, ಸ್ನಾನ, ಮಾತು ವಾರಗಟ್ಟಲೆ ಕೆಟ್ಟಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಸಾಯುವ ಮಾತು ಬಂದರೆ ನಾಳೆಗೆಂದು ಮುಂದೂಡಬೇಡಿ, ಒಬ್ಬರನ್ನೇ ಬಿಡಬೇಡಿ. ಈಗಾಗಲೇ ನಕ್ಕುಬಿಟ್ಟಿದ್ದೀರಾ? ನಾಚಿಕೆಯಾಗುತ್ತಿದೆಯಾ? ಆಗಲಿ. ಆ ನಾಚಿಕೆಯಿಂದ ಮುಖ ಮುಚ್ಚಿಕೊಂಡು ಕೂರಬೇಡಿ. ಎದ್ದು ಹೋಗಿ, ಇವತ್ತೇ ಅವರ ಪಕ್ಕ ಕೂತು ತಪ್ಪಾಯಿತು ಎನ್ನಿ.