ಕೂಸಿಂದು ಒಗ್ಯಾಕ ಹೋಗಿದ್ನಿ

ಹತ್ತಿ ಬಿಡಿಸುವ ಕಾಲದಲ್ಲಿ ನಮ್ಮ ಬೆರಳು ನೋಡಬೇಕು. ಒಣಗಿದ ಕಾಯಿಯ ಸಿಪ್ಪೆ ಚುಚ್ಚಿ ಚುಚ್ಚಿ ಉಗುರಿನ ಸಂದಿಯಲ್ಲೆಲ್ಲ ಗಾಯ. ರೊಟ್ಟಿಗೆ ಖಾರ ಹಚ್ಚಿಕೊಂಡರೆ ಕಣ್ಣಲ್ಲಿ ನೀರು ಬರುತ್ತದೆ. ಅದನ್ನು ಯಾರೂ ಅಳು ಅನ್ನುವುದಿಲ್ಲ. ಮರಿಲಿಂಗಮ್ಮನ ಕಣ್ಣೀರನ್ನು ಮಾತ್ರ ಯಾದಗಿರಿಯಿಂದ ಸುರಪುರದ ತನಕ ಎಲ್ಲರೂ ಹುಡುಕಿದರು. ಸಿಗಲಿಲ್ಲ. ಅದಕ್ಕೇ ಅವಳು ಕೊಲೆಗಾರ್ತಿ ಆದಳು.

ನಾನು ಶಿವಲೀಲಾ, ಪಿಯುಸಿ ಫೇಲು. ಮರಿಲಿಂಗಮ್ಮ ನನ್ನ ಪಕ್ಕದ ಸಾಲಿನಲ್ಲಿ ಹತ್ತಿ ಬಿಡಿಸುವವಳು. ನಡೆದದ್ದು ಇಷ್ಟೇ. ಹೋದ ವರ್ಷ, ಭೀಮರಾಯನಗುಡಿಯ ಆಚೆ, ಅಮರಪ್ಪ ಸಾವಕಾರನ ಹೊಲ. ಅವಳ ಎರಡು ವರ್ಷದ ಮಗಳು ಭಾಗ್ಯಾಗೆ ಹೊಟ್ಟೆ ಕೆಟ್ಟಿತ್ತು. ಚಡ್ಡಿ, ಕೌದಿ ಎಲ್ಲ ಹೊಲಸಾಗಿತ್ತು. ಕೂಸನ್ನು ಬೇವಿನ ಗಿಡದ ಕೆಳಗೆ ಮಲಗಿಸಿ, ಆ ಬಟ್ಟೆ ತೊಳೆಯಲು ಇವಳು ಕಾಲುವೆಗೆ ಹೋದಳು. ಕೂಸು ಎದ್ದು ತಾಯಿಯನ್ನು ಹುಡುಕಿಕೊಂಡು ಹೊರಟಿತು. ಕಾಲುವೆ ನೀರು ಕದ್ದು ಎಳೆಯಲು ಸಾವಕಾರ ದಂಡೆಯ ಬದಿಗೆ ಆಳದ ಗುಂಡಿ ತೋಡಿಸಿ ಮೋಟರ್ ಇಟ್ಟಿದ್ದ. ಮೇಲೆ ಮುಚ್ಚಳ ಇರಲಿಲ್ಲ.

"ಸಾವ್ಕಾರ್ರ, ಒಂದು ಹಲಗಿ ಹಾಕಸ್ರಿ" ಎಂದು ನಾವು ಎರಡು ಸಲ ಕೇಳಿದ್ದೆವು.

"ನಿಮಗೇನು ಕಣ್ಣು ಕಾಣಂಗಿಲ್ಲೇನು?" ಎಂದಿದ್ದ.

ಕೂಸನ್ನು ಆ ಗುಂಡಿಯಿಂದಲೇ ತೆಗೆದೆವು. ಠಾಣೆಯಲ್ಲಿ ರೈಟರ್ ಹಣಮೇಶ ಹೇಳಿಕೆ ಬರೆದುಕೊಂಡ. ಸಾವಕಾರ ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ.

"ಕೂಸಿನ ಬಿಟ್ಟು ಎಲ್ಲಿಗಿ ಹೋಗಿದ್ದಿ?"

"ಕೂಸಿಂದು ಒಗ್ಯಾಕ ಹೋಗಿದ್ನಿರಿ."

ನಮ್ಮ ಕಡೆ ಒಗೆಯುವುದು ಎಂದರೆ ತೊಳೆಯುವುದೂ ಹೌದು, ಎಸೆಯುವುದೂ ಹೌದು. ಮುಂದೆ ಅರಿವಿ, ಅಂದರೆ ಬಟ್ಟೆ, ಇದ್ದರೆ ತೊಳೆಯುವುದು, ಕಲ್ಲಿದ್ದರೆ ಎಸೆಯುವುದು. ಕೂಸಿಂದು ಅಂದರೆ ಕೂಸಿನದು, ಕೂಸಿನ ಬಟ್ಟೆ. ಇದು ನಮ್ಮೂರ ನಾಯಿಗೂ ಗೊತ್ತು. ಹಣಮೇಶನೂ ನಮ್ಮ ಕಡೆಯವನೇ. ಆದರೆ ಸರಕಾರದ ಕಾಗದ ಶುದ್ಧ ಭಾಷೆಯಲ್ಲಿ ಇರಬೇಕಂತೆ. ಅವನು ಶುದ್ಧವಾಗಿ ಬರೆದ: "ಕೂಸನ್ನು ಎಸೆಯಲು ಹೋಗಿದ್ದೆನು."

ಮರಿಲಿಂಗಮ್ಮ ಹೆಬ್ಬೆಟ್ಟು ಒತ್ತಿದಳು. ಹತ್ತಿ ಗಾಯದ ಬೆರಳು, ಗುರುತು ಸರಿಯಾಗಿ ಮೂಡಲಿಲ್ಲ. ಮೂರು ಸಲ ಒತ್ತಿಸಿದರು.

ಠಾಣೆಯ ಹೊರಗೆ ಟಿವಿಯವರು ಮೈಕು ಹಿಡಿದರು. "ಮಗು ಸತ್ತಿದೆ, ನೀವು ಅಳ್ತಾನೇ ಇಲ್ವಲ್ಲ?"

"ಅತ್ತ ಬಂದೇನ್ರಿ" ಅಂದಳು.

ಆಸ್ಪತ್ರೆಯ ಹಿಂದಿನ ನಳದ ಹತ್ತಿರ ಅತ್ತು, ಮುಖ ತೊಳೆದುಕೊಂಡು ಬಂದಿದ್ದಳು ಪಾಪ. ಅದೇ ತಪ್ಪಾಯಿತು. ಆ ನಾಲ್ಕು ಸೆಕೆಂಡಿನ ವಿಡಿಯೊ ಎಲ್ಲರ ಫೋನಿಗೂ ಹೋಯಿತು. ಶಹಾಪುರ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಾಳೊಗ್ಗರಣಿ ತಿನ್ನುತ್ತಾ ತೀರ್ಪು ಕೊಟ್ಟರು. ಹಡೆದವಳು ಹೀಗಿರುವುದಿಲ್ಲ ಎಂದು ಮಕ್ಕಳಿಲ್ಲದ ಮಾಸ್ತರರೊಬ್ಬರು ಎರಡು ಪುಟ ಬರೆದರು. ಗಂಡ ಹುಲಗಪ್ಪ ಪುಣೆಗೆ ದುಡಿಯಲು ಹೋದವನು ಟಿವಿ ನೋಡಿ ಅಲ್ಲೇ ಉಳಿದ. ಸುಳ್ಳು ಯಾಕೆ ಹೇಳಲಿ, ನಾನೂ ಆವತ್ತು ಅವಳ ಕಣ್ಣನ್ನೇ ನೋಡಿದೆ. ಒಣಗಿವೆಯಲ್ಲ ಅಂದುಕೊಂಡೆ. ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಎಂಟು ತಿಂಗಳು ಜೈಲು. ಆಮೇಲೆ ಜಾಮೀನು. ಕೇಸು ಇನ್ನೂ ನಡೆಯುತ್ತಿದೆ. ಮನೆಗೆ ಬಂದವಳು ಒಂದೇ ಮಾತು ಹಿಡಿದಳು: "ಅರಿವಿ ಅನ್ನೂದು ಬಿಟ್ಟಾರ. ಅದನ್ನ ಸೇರಸ್ರಿ." ಠಾಣೆಗೆ ಹೋದಳು, ವಕೀಲರ ಹತ್ತಿರ ಹೋದಳು. ಬರೆದದ್ದು ಬರೆದಾಯಿತು ಅಂದರು.

ಅಷ್ಟರಲ್ಲಿ ಸಿನಿಮಾದವರು ಬಂದರು. ಬೆಂಗಳೂರಿನ ಮಂದಿ. ನಿಜ ಘಟನೆಯ ಸಿನಿಮಾ ಅಂತೆ, ಅದೇ ಹೊಲ, ಅದೇ ಕಾಲುವೆ. ಸಾವಕಾರ ಬಾಡಿಗೆ ಮಾತಾಡಿ ಹೊಲ ಕೊಟ್ಟ. ನಮ್ಮನ್ನೆಲ್ಲ ಗುಂಪಿನಲ್ಲಿ ನಿಲ್ಲಲು ಕರೆದರು. ಹೀರೋಯಿನ್ ನಂದಿನಿ ಮೇಡಂಗೆ ನಮ್ಮ ಮಾತು ಕಲಿಸಲು ಒಬ್ಬಳು ಬೇಕಾಗಿತ್ತು. ಮ್ಯಾನೇಜರ್ ನಮ್ಮೆಲ್ಲರನ್ನೂ ಮಾತಾಡಿಸಿ ನೋಡಿ, "ಈಯಮ್ಮನ ಭಾಷೆ ಚೆನ್ನಾಗಿದೆ" ಎಂದು ಮರಿಲಿಂಗಮ್ಮನನ್ನೇ ಆರಿಸಿದ. ಅವಳು ಯಾರೆಂದು ಕೇಳಲಿಲ್ಲ. ಸಾವಕಾರ ಬಾಯಿ ಬಿಡಲಿಲ್ಲ. ಹೇಳಿದರೆ ಎಲ್ಲಿ ಶೂಟಿಂಗ್ ಬೇರೆ ಕಡೆ ಹೋಗುತ್ತದೋ ಎಂಬ ಚಿಂತೆ ಅವನಿಗೆ.

"ಹೋಗಬ್ಯಾಡ ಯಕ್ಕಾ" ಅಂದೆ ನಾನು.

"ಹೋಗ್ತೀನಿ. ಸಿನಿಮಾದಾಗರೆ ಅರಿವಿ ಅಂತ ಹೇಳಸ್ತೀನಿ. ಜಡ್ಜ್ ಸಾಹೇಬ್ರೂ ಸಿನಿಮಾ ನೋಡ್ತಾರಲ್ಲ."

ಮೊದಲ ದಿನವೇ ಮ್ಯಾನೇಜರ್ ಗುಂಡಿ ನೋಡಿ ಹೌಹಾರಿದ. "ಏನ್ರೀ ಇದು, ಹೀಗೆ ತೆರೆದು ಬಿಟ್ಟಿದೀರಾ? ಮೇಡಂ ಬಿದ್ರೆ ಯಾರು ಜವಾಬ್ದಾರಿ?" ಸಾವಕಾರ ತಾನೇ ಮೊಳೆ ತಂದುಕೊಟ್ಟ. ಬಡಿಗರು ದಪ್ಪ ಹಲಗೆ ಜೋಡಿಸಿ ಗುಂಡಿ ಮುಚ್ಚಿದರು. ಮರಿಲಿಂಗಮ್ಮ ನಿಂತು ನೋಡಿದಳು.

"ಅರ್ಧ ತಾಸು ಸಾಕಾತು ನೋಡು ಶಿವಲೀಲಾ" ಅಂದಳು.

ನಂದಿನಿ ಒಳ್ಳೆಯ ಹುಡುಗಿ. ಮರಿಲಿಂಗಮ್ಮ ಹೇಳಿಕೊಟ್ಟ ಹಾಗೆ ಹೇಳಿದಳು: "ಕೂಸಿನ ಅರಿವಿ ಒಗ್ಯಾಕ ಹೋಗಿದ್ನಿರಿ."

ಡೈರೆಕ್ಟರ್ ನಿಲ್ಲಿಸಿದ. "ಅರಿವಿ ಎಲ್ಲಿಂದ ಬಂತು? ಸ್ಕ್ರಿಪ್ಟಲ್ಲಿ 'ಕೂಸಿನ್ನ ಒಗ್ಯಾಕ' ಅಂತಿದೆ."

"ಅದು ತಪ್ಪೈತ್ರಿ. ಆಕಿ ಅರಿವಿ ಒಗ್ಯಾಕ ಹೋಗಿದ್ಳು" ಅಂದಳು ಮರಿಲಿಂಗಮ್ಮ.

"ನಿಮಗೆ ಗೊತ್ತಿರಲ್ಲಮ್ಮ. ನಾವು ಪೊಲೀಸ್ ದಾಖಲೆ ಓದಿದೀವಿ."

"ಮತ್ತ ಗುಂಡಿ?"

"ಯಾವ ಗುಂಡಿ? ಕಥೆಯಲ್ಲಿ ಗುಂಡಿ ಇಲ್ಲ."

ಹಲಗೆಯ ಮೇಲೆ ಅವನ ಕುರ್ಚಿ ಹಾಕಿದ್ದರು. ಅಲ್ಲೇ ಕೂತು ಈ ಮಾತು ಹೇಳಿದ.

ನಂದಿನಿಯ ಕಣ್ಣಿಗೆ ಗ್ಲಿಸರಿನ್ ಬಿಟ್ಟರು. ಧಾರಾಕಾರ ನೀರು. "ನೋಡಿ, ತಾಯಿ ಅಂದ್ರೆ ಹೀಗೆ ಅಳಬೇಕು" ಅಂದ ಡೈರೆಕ್ಟರ್. "ಆದರೆ ಇದು ನಾಟಕದ ಅಳು, ಒಳಗೆ ಕೊಲೆಗಾರ್ತಿ." ಹುಡುಗಿಯ ಕಣ್ಣು ಉರಿದು ಕೆಂಪಾದವು. ಮರಿಲಿಂಗಮ್ಮ ಸೆರಗಿನಿಂದ ಅವಳ ಕಣ್ಣು ಒರೆಸಿ, ಬಾಯಿಂದ ಊದಿದಳು.

ರಬ್ಬರಿನ ಕೂಸೊಂದಕ್ಕೆ ಅಂಗಿ, ಚಡ್ಡಿ, ತಲೆಗೆ ಕುಲಾಯಿ ಹಾಕಿದ್ದರು. ಅದನ್ನು ಕಾಲುವೆಗೆ ಒಗೆದರು. ಬೆಳಕು ಸರಿ ಇಲ್ಲ ಎಂದು ತೆಗೆದು ಮತ್ತೆ ಒಗೆದರು. ಅದು ತೇಲುತ್ತದೆ ಎಂದು ಕಲ್ಲು ಕಟ್ಟಿ ಮತ್ತೆ ಒಗೆದರು. ಬಂದೋಬಸ್ತಿಗೆ ಬಂದಿದ್ದ ಹಣಮೇಶ ಫೋನಿನಲ್ಲಿ ಫೋಟೊ ತೆಗೆದುಕೊಂಡ.

ಕೊನೆಗೆ ನಮ್ಮ ಸರದಿ. ಎಲ್ಲರ ಕೈಗೂ ಒಂದೊಂದು ಕಾಗದ ಕೊಟ್ಟರು. ಅದರಲ್ಲಿ ಒಂದೇ ಸಾಲು: ಕೂಸಿನ್ನ ಒಗದಾಕಿ. ನಂದಿನಿಯನ್ನು ನೋಡಿ ನಾವು ಹಾಗೆ ಕೂಗಬೇಕು. ಮರಿಲಿಂಗಮ್ಮನನ್ನು ಮುಂದಿನ ಸಾಲಿಗೆ ನಿಲ್ಲಿಸಿದರು.

ಕ್ಯಾಮೆರಾ ಓಡಿತು. ಮರಿಲಿಂಗಮ್ಮ ಸುಮ್ಮನಿದ್ದಳು. ಅವಳನ್ನು ನೋಡಿ ನಾವೂ ಸುಮ್ಮನಿದ್ದೆವು.

ಡೈರೆಕ್ಟರ್ ಎದ್ದು ಬಂದ. "ಏನಮ್ಮ, ಮುಖದಲ್ಲಿ ಒಂಚೂರೂ ಸಂಕಟ ಇಲ್ವಲ್ಲ. ಸತ್ತದ್ದು ನಿಮ್ಮದೇ ಮಗು ಅಂದ್ಕೊಳ್ಳಿ."

"ನಂದ ಐತ್ರಿ."

"ಹಾಂ, ಅದೇ. ಆ ಫೀಲ್ ಹಾಗೇ ಇಟ್ಕೊಳ್ಳಿ."

ಅವನು ತಿರುಗಿ ಹೋದ. ಮರಿಲಿಂಗಮ್ಮ ಕಾಗದ ಮಡಚಿ ನನ್ನ ಕೈಗೆ ಕೊಟ್ಟಳು. ದಂಡೆಯ ಮೇಲೆ ಕೆಸರಾಗಿ ಬಿದ್ದಿದ್ದ ರಬ್ಬರಿನ ಕೂಸನ್ನು ಎತ್ತಿಕೊಂಡಳು. ಕಟ್ಟಿದ ಕಲ್ಲು ಬಿಚ್ಚಿದಳು. ಕುಲಾಯಿ ತೆಗೆದಳು, ಅಂಗಿ ತೆಗೆದಳು, ಚಡ್ಡಿ ತೆಗೆದಳು. ಒಂದು ಕೊಡ ನೀರು ತಂದು ಆ ಹಲಗೆಯ ಮೇಲೆ ಕೂತು ಬಟ್ಟೆ ಒಗೆಯಲು ಶುರು ಮಾಡಿದಳು.

ಸಂಜೆ ಪ್ಯಾಕಪ್ ಆಯಿತು. ಕುರ್ಚಿ, ಲೈಟು ಎಲ್ಲ ಲಾರಿ ಹತ್ತಿದವು. ಮ್ಯಾನೇಜರ್ ಬಂದು, "ಏಳಮ್ಮ, ಹಲಗೆ ನಮ್ಮದು, ತಗೊಂಡು ಹೋಗ್ಬೇಕು" ಅಂದ. ಅವಳು ಏಳಲಿಲ್ಲ. ನಾನು ಹತ್ತಿ ತುಂಬಿಕೊಳ್ಳಲು ಉಡಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ನೀರಲ್ಲಿ ಅದ್ದಿ ಅವಳ ಪಕ್ಕ ಕೂತೆ. ಭೀಮಮ್ಮ ಬಂದಳು, ಪರಿಮಳಾ ಬಂದಳು. ಜಾಗ ಸಾಲದೆ ಉಳಿದವರು ಸುತ್ತ ಕೂತರು. ಎಲ್ಲರೂ ಒಗೆಯತೊಡಗಿದೆವು.

ಸಾವಕಾರ ಓಡಿ ಬಂದ. "ಹಣಮೇಶ, ಎಬ್ಬಸು ಇವರನ್ನ. ನನ್ನ ಹೊಲದಾಗ ಏನಿದು ನಾಟಕ? ಕೇಸ್ ಬರಕೋ."

ಹಣಮೇಶ ಪುಸ್ತಕ ತೆಗೆದ. "ಏನು ಮಾಡಾಕತ್ತಿ?"

"ಕೂಸಿಂದು ಒಗ್ಯಾಕತ್ತೇನ್ರಿ" ಅಂದಳು ಮರಿಲಿಂಗಮ್ಮ.

ಅವನ ಪೆನ್ನು ನಿಂತಿತು.

"ಬರೀರಿ ಸಾಹೇಬ್ರ. ಶುದ್ಧ ಭಾಷಾದಾಗ ಬರೀರಿ" ಅಂದೆ. "ಬರದು ಓದ್ರಿ."

ಅವನು ಬರೆದ. ಮೆಲ್ಲಗೆ ಓದಿದ: "ಮಗುವಿನ ಬಟ್ಟೆ ತೊಳೆಯುತ್ತಿದ್ದಾಳೆ."

"ಕೇಳಲಿಲ್ರಿ" ಅಂದಳು ಭೀಮಮ್ಮ. ಮತ್ತೆ ಓದಿದ. "ಹಿಂದಿನವರಿಗಿ ಕೇಳಬೇಕಲ್ಲ" ಅಂದಳು ಪರಿಮಳಾ. ಮೂರು ಸಲ ಓದಿಸಿದೆವು. ಅವಳ ಹತ್ತಿರ ಮೂರು ಸಲ ಹೆಬ್ಬೆಟ್ಟು ಒತ್ತಿಸಿದ್ದರಲ್ಲ.

ಮರಿಲಿಂಗಮ್ಮ ಚಡ್ಡಿ ಹಿಂಡಿ ಹೆಗಲ ಮೇಲೆ ಹಾಕಿಕೊಂಡಳು. "ಈಗ ಇದನ್ನೂ ಬರೀರಿ. ನಾವು ಕುಂತದ್ದು ಗುಂಡಿ ಮ್ಯಾಲ. ಈ ಗುಂಡಿ ಯಾರದು?"

ಹಣಮೇಶ ಸಾವಕಾರನ ಮುಖ ನೋಡಿದ. ಆಮೇಲೆ ಪುಸ್ತಕ ಮುಚ್ಚಿದ. "ಹಾಳಿ ಮುಗದಾವ" ಅಂದ.

ಮರಿಲಿಂಗಮ್ಮ ಮಡಚಿ ಕೊಟ್ಟ ಕಾಗದ ನನ್ನ ಹತ್ತಿರವೇ ಇತ್ತು. ಒಂದು ಬದಿಗೆ 'ಕೂಸಿನ್ನ ಒಗದಾಕಿ' ಎಂದಿತ್ತು. ಹಿಂದಿನ ಬದಿ ಖಾಲಿ. ಅದನ್ನು ಬಿಚ್ಚಿ, ಖಾಲಿ ಬದಿ ಮೇಲೆ ಮಾಡಿ ಅವನ ಮುಂದೆ ಹಿಡಿದೆ.

"ಬರೀರಿ" ಅಂದೆ.